ರುಜುವೂ ರಹದಾರಿಯೂ

ಕನ್ನಡ ಕಲಿಸುವವನಿಗೆ ಅಮೆರಿಕದ ಹಳೆಯ ಹಡಗುಗಳ ಕಾಗದಪತ್ರಗಳಿಂದ ಏನಾಗಬೇಕಾಗಿದೆಯೆಂದು ವಿಭಾಗದ ಮಿತ್ರರು ಕೇಳುವುದುಂಟು. ಆ ಹುಚ್ಚು ಹತ್ತಿಸಿದವರು ನನ್ನ ಸೋದರಮಾವ. ಕಾಸರಗೋಡಿನ ಕಡಲತಡಿಯ ಅನೇಕರಂತೆ ಅವರೂ ಸರಕು ಹಡಗುಗಳಲ್ಲಿ ದುಡಿದವರು. ಬಾಸ್ಟನ್ನಿನ ಅಂಗಡಿಯೊಂದರಲ್ಲಿ ಥಾಮಸ್ ಜೆಫರ್ಸನ್ ಮತ್ತು ಜೇಮ್ಸ್ ಮ್ಯಾಡಿಸನ್ನರ ರುಜುವಿದ್ದ ಹಡಗಿನ ರಹದಾರಿಯನ್ನು ಕಂಡು, ಬೆಲೆ ಕೇಳಿ, ಸುಮ್ಮನೆ ಹೊರಬಂದರಂತೆ. "ನನ್ನ ವರ್ಷದ ಸಂಬಳ, ಅಳಿಯಾ" ಎಂದು ನಗುತ್ತಿದ್ದರು.

ಅಧ್ಯಾಪಕನ ಸಂಬಳಕ್ಕೂ ಅಸಲು ಪ್ರತಿ ಎಟುಕುವುದಲ್ಲ. ನಾನು ಕೂಡಿಸಿದ್ದು ಹರಾಜಿನ ಪಟ್ಟಿಗಳಲ್ಲಿ ಅಚ್ಚಾದ ಚಿತ್ರಗಳನ್ನು ಮಾತ್ರ. ಕೆಲವು ಪತ್ರಗಳಲ್ಲಿ ಫ್ರೆಂಚ್, ಸ್ಪ್ಯಾನಿಷ್, ಇಂಗ್ಲಿಷ್, ಡಚ್ ಭಾಷೆಗಳ ನಾಲ್ಕು ಅಂಕಣಗಳಿವೆ. ಎಲ್ಲಕ್ಕಿಂತ ಚೆಲುವಾದವು 1796ರ ಕಾನೂನಿನಂತೆ ಹೊರಟ ಮೆಡಿಟರೇನಿಯನ್ ರಹದಾರಿಗಳು. ಬ್ರಿಟನ್ನಿನ ಆಸರೆ ತಪ್ಪಿದ ಹೊಸ ದೇಶವು ಆಗ ಉತ್ತರ ಆಫ್ರಿಕದ ರಾಜ್ಯಗಳಿಗೆ ಹಣ ತೆತ್ತು ಒಪ್ಪಂದ ಮಾಡಿಕೊಳ್ಳುತ್ತಿತ್ತು. ಚರ್ಮಪತ್ರದ ಮೇಲೆ ಹಾಯಿಹಡಗಿನ ಚಿತ್ರ ಅಚ್ಚೊತ್ತಿ, ಮೇಲಂಚನ್ನು ಅಲೆಯಲೆಯಾಗಿ ಕತ್ತರಿಸಿ, ಆ ತುಂಡನ್ನು ಅಲ್ಜೀರ್ಸ್ ಮೊದಲಾದ ಬಂದರುಗಳಿಗೆ ಕಳುಹಿಸುತ್ತಿದ್ದರು. ಅಲ್ಲಿನ ಕೊಳ್ಳೆಹಡಗಿನವರಿಗೆ ಇಂಗ್ಲಿಷ್ ಓದಲು ಬಾರದಿದ್ದರೂ ತುಂಡನ್ನು ರಹದಾರಿಯ ಅಂಚಿಗೆ ಜೋಡಿಸಿ ನೋಡಿದರೆ ಸಾಕು. ಕೂಡಿದರೆ ಬಿಡುಗಡೆ, ಕೂಡದಿದ್ದರೆ ಸೆರೆ. (ನಮ್ಮ ಕರಾವಳಿಗೂ ಇದು ಹೊಸತಲ್ಲ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ 'ಕರ್ತಾಜ್' ಪಡೆಯದೆ ಕಡಲಿಗಿಳಿದ ಹಡಗು ಅವರ ಪಾಲಾಗಬಹುದಿತ್ತು.)

ಅಧ್ಯಕ್ಷರೂ ವಿದೇಶಾಂಗ ಕಾರ್ಯದರ್ಶಿಯೂ ರುಜು ಹಾಕುತ್ತಿದ್ದುದು ಪತ್ರ ಖಾಲಿಯಿರುವಾಗಲೇ. ಹಡಗಿನ ಹೆಸರು, ಕಪ್ತಾನನ ಹೆಸರು, ಭಾರ, ತೋಪು, ಆಳುಗಳ ಲೆಕ್ಕ ಇವೆಲ್ಲವನ್ನು ಅನಂತರ ಬಂದರಿನ ಸುಂಕದ ಕಚೇರಿಯಲ್ಲಿ ತುಂಬುತ್ತಿದ್ದರು. ಆ ಹಡಗನ್ನು ಜೆಫರ್ಸನ್ ಕಂಡಿರಬೇಕೆಂದೇನೂ ಇರಲಿಲ್ಲ. ಆದರೂ ಸಂಗ್ರಾಹಕರು ಹಣ ಸುರಿಯುವುದು ಆ ರುಜುವಿಗೆ. ಅದರ ಶಾಯಿ ಮಾಸಿದರೆ ಬೆಲೆ ಇಳಿಯಿತು. ಗುಮಾಸ್ತನ ಕೈಬರಹದಲ್ಲಿ ಮೂಡಿದ ಹಡಗಿನ ಹೆಸರನ್ನು ಕೇಳುವವರು ಕಡಿಮೆ. ನಾನೂ ಬಹುಕಾಲ ರುಜುಗಳನ್ನೇ ನೋಡಿದವನು.

ಮಾವ ತೀರಿಕೊಂಡ ಮೇಲೆ ಅವರ ನಾವಿಕ ಪುಸ್ತಕವನ್ನು ಅತ್ತೆ ನನ್ನ ಕೈಗೆ ಕೊಟ್ಟಿದ್ದರು. ಹತ್ತಿದ ಹಡಗು, ಇಳಿದ ಬಂದರು, ದಿನಾಂಕ, ಕೊನೆಗೆ ಯಾವನೋ ಕಪ್ತಾನನ ಗೀಚು. ನನ್ನ ಚಿತ್ರಗಳ ಕಡತಕ್ಕೆ ಕಪಾಟಿನಲ್ಲಿ ಜಾಗ ಬೇಕೆಂದು ಅದನ್ನು ಅಟ್ಟಕ್ಕೇರಿಸಿದೆ. ಎರಡು ಮಳೆಗಾಲ ಕಳೆದು ಅತ್ತೆ ಕೇಳಿದಾಗ ಹತ್ತಿ ನೋಡಿದೆ. ಗೆದ್ದಲು ರಟ್ಟನ್ನಷ್ಟೇ ಉಳಿಸಿತ್ತು. ಅತ್ತೆ ಅದನ್ನು ಸೆರಗಿನಿಂದ ಒರೆಸುತ್ತ, ಮಾವ ಮೊದಲು ಹತ್ತಿದ ಹಡಗಿನ ಹೆಸರೇನಿತ್ತೆಂದು ಕೇಳಿದರು. ನನಗೆ ನೆನಪಿರಲಿಲ್ಲ.