ಮೇಲುಕೋಟೆಯಲ್ಲಿ ಕಳೆದುದೂ ಕಲಿತುದೂ

ಮೈಸೂರಿನಿಂದ ಹೊರಟು, ಶ್ರೀರಂಗಪಟ್ಟಣದಲ್ಲಿ ಕಾವೇರಿಯನ್ನು ದಾಟಿ, ಪಾಂಡವಪುರವನ್ನು ಹಿಂದಿಕ್ಕಿ, ಜಕ್ಕನಹಳ್ಳಿಯ ಕೂಡುರಸ್ತೆಯಲ್ಲಿ ತಿರುಗಿದರೆ, ಕೆಲವು ಹರದಾರಿಗಳೊಳಗಾಗಿ ಯದುಗಿರಿಯ ಬಂಡೆಗಳು ಕಣ್ಣಿಗೆ ಬೀಳುತ್ತವೆ. ಶಿಖರದ ಮೇಲೆ ಯೋಗನರಸಿಂಹನ ಗುಡಿ. ಅದರ ಪಾದದಲ್ಲಿ ಸುತ್ತಲೂ ಮಂಟಪಗಳನ್ನು ಧರಿಸಿಕೊಂಡ ಕಲ್ಯಾಣಿ. ಊರ ನಡುವೆ ಚೆಲುವನಾರಾಯಣನ ದೇವಾಲಯ. ಒಂದು ಕಡೆ ಮೇಲ್ಭಾಗವೇ ಇಲ್ಲದೆ ನಿಂತ ರಾಯಗೋಪುರ, ಇನ್ನೊಂದು ಕಡೆ ಅಕ್ಕತಂಗಿಯರ ಕೊಳ. ಬೀದಿಯಲ್ಲಿ ನಡೆಯುವಾಗ ಪುಳಿಯೋಗರೆಯ ಗೊಜ್ಜಿನ ಪರಿಮಳವೂ ಯಾವುದೋ ಜಗಲಿಯಿಂದ ಬರುವ ಪಾಠದ ಧ್ವನಿಯೂ ಒಟ್ಟಿಗೆ ಎದುರುಗೊಳ್ಳುತ್ತವೆ. ಹನ್ನೆರಡನೆಯ ಶತಮಾನದಲ್ಲಿ ಶ್ರೀ ರಾಮಾನುಜಾಚಾರ್ಯರು ವಾಸಮಾಡಿದ ಸ್ಥಳವಿದು. ಸಂಸ್ಕೃತವನ್ನು ಓದಿದವನಿಗೆ ಈ ಊರು ತೌರುಮನೆಯಂತೆ.

ಇನ್ನೊಂದು ವಿಶೇಷವನ್ನೂ ಹೇಳಬೇಕು. ಇದು ಕಳೆದುಹೋದ ವಸ್ತುಗಳು ಮರಳಿ ದೊರೆತ ಊರು. ಇಲ್ಲಿಯ ಉತ್ಸವಮೂರ್ತಿಯನ್ನು ಶತ್ರುಗಳು ದೆಹಲಿಗೆ ಒಯ್ದಿದ್ದರೆಂದೂ, ಆಚಾರ್ಯರು ಅಲ್ಲಿಗೇ ಹೋಗಿ ಅದನ್ನು ಮರಳಿ ತಂದರೆಂದೂ ಸಂಪ್ರದಾಯ. ವೈರಮುಡಿಯ ಕಥೆಯೂ ಅಂಥದೇ. ಪ್ರಹ್ಲಾದನ ಮಗನಾದ ವಿರೋಚನನು ಕ್ಷೀರಾಬ್ಧಿಶಾಯಿಯ ಕಿರೀಟವನ್ನು ಕದ್ದೊಯ್ದನಂತೆ; ಗರುಡನು ಅವನನ್ನು ಗೆದ್ದು ಅದನ್ನು ತಂದೊಪ್ಪಿಸಿದನಂತೆ. ಆದುದರಿಂದಲೇ ಇಂದಿಗೂ ವೈರಮುಡಿಯ ರಾತ್ರಿ ಸ್ವಾಮಿಯು ಗರುಡನ ಮೇಲೆ ಬಿಜಯಮಾಡುತ್ತಾನೆ. ಆ ಕಿರೀಟವನ್ನು ವರ್ಷವೆಲ್ಲ ಮಂಡ್ಯದ ಸರ್ಕಾರಿ ಖಜಾನೆಯಲ್ಲಿ ಭದ್ರವಾಗಿರಿಸಿ, ಉತ್ಸವದ ದಿನ ಪೊಲೀಸಿನವರ ಬೆಂಗಾವಲಿನಲ್ಲಿ ತರುತ್ತಾರೆ; ದಾರಿಯುದ್ದಕ್ಕೂ ಹಳ್ಳಿಯ ಜನರು ನಿಂತು ಪೂಜೆ ಸಲ್ಲಿಸುತ್ತಾರೆ.

2025ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಈ ಉತ್ಸವವನ್ನು ನೋಡಲು ನಾನು ಒಬ್ಬನೇ ಹೋದೆನು. ನನ್ನ ಸಹಧರ್ಮಿಣಿಯು ಬಹುಕಾಲದಿಂದ ಬಯಸಿದ್ದ ಯಾತ್ರೆಯದು. ನಾನು ಪಾಠಶಾಲೆಯ ಕೆಲಸವನ್ನು ಮುಂದೊಡ್ಡಿ ಮುಂದೊಡ್ಡಿ ಕಳೆದೆನು; ನಾನು ನಿವೃತ್ತನಾಗುವುದಕ್ಕೆ ಎರಡು ವರ್ಷ ಮೊದಲೇ ಅವಳು ತೀರಿಕೊಂಡಳು. ಅವಳಿಗೆ ಹಸೆಯ ಹಾಡು, ಆರತಿಯ ಹಾಡು, ತೊಟ್ಟಿಲ ಹಾಡುಗಳು ಬಹಳ ಬರುತ್ತಿದ್ದುವು. ಅವುಗಳಲ್ಲಿ ಹನ್ನೊಂದನ್ನು ಅವಳ ಕಂಠದಿಂದಲೇ ನನ್ನ ಮೊಬೈಲಿನಲ್ಲಿ ಹಿಡಿದಿಟ್ಟಿದ್ದೆನು. ಪ್ರತಿದಿನ ಸಂಜೆ ದೀಪ ಹಚ್ಚಿದ ಮೇಲೆ ಒಂದನ್ನು ಕೇಳುವುದು ನನ್ನ ನಿಯಮವಾಗಿದ್ದಿತು. ಬೇರೆ ಕಡೆಯಲ್ಲಿಯೂ ಒಂದು ಪ್ರತಿಯನ್ನು ಇರಿಸಿರಬೇಕೆಂದು ಮಗಳು ಅನೇಕ ಸಲ ಎಚ್ಚರಿಸಿದ್ದಳು. ನಾಳೆ ಮಾಡಿದರಾಯಿತೆಂದು ಅದನ್ನೂ ಮುಂದೊಡ್ಡಿದ್ದೆನು.

ಆ ದಿನ ಸಾಯಂಕಾಲ ಬೆಟ್ಟವನ್ನು ಹತ್ತುವಾಗ ಮಂಡಿನೋವು ಬಾಧಿಸಿತು. ಕೆಳಗಿನ ಅಂಗಡಿಯೊಂದರಲ್ಲಿ ಚಾಕರಿಗಿದ್ದ, ಹದಿನಾರು ವರ್ಷದವನಿರಬಹುದಾದ ಹುಡುಗನೊಬ್ಬನು ಕಂಡು, ಕೇಳದೆಯೇ ಬಂದು ನನ್ನ ಚೀಲವನ್ನು ತೆಗೆದುಕೊಂಡು, ಕೈಹಿಡಿದು ಮೇಲಕ್ಕೆ ಹತ್ತಿಸಿದನು. ಇಳಿಯುವಾಗಲೂ ಜೊತೆಗಿದ್ದನು. ಜನಸಂದಣಿಯನ್ನು ದಾಟಿಸಿ ದೇವಾಲಯದ ಬೀದಿಯ ಜಗಲಿಯೊಂದರ ಮೇಲೆ ನನ್ನನ್ನು ಕುಳ್ಳಿರಿಸಿ ಹೋದನು. ಇಪ್ಪತ್ತು ರೂಪಾಯಿಗಳನ್ನು ಕೊಡಹೋದರೆ ಬೇಡವೆಂದನು. ಅವನ ಅಂಗಿಯ ಕೊರಳು ಹರಿದಿದ್ದುದನ್ನು ಮಾತ್ರ ನಾನು ಚೆನ್ನಾಗಿ ಗಮನಿಸಿದ್ದೆನು. ಮುಖವನ್ನು ಅಷ್ಟಾಗಿ ನೋಡಿರಲಿಲ್ಲ.

ಜಗಲಿಯ ಮೇಲೆ ನನ್ನ ಪಕ್ಕಕ್ಕೆ ಸುಮಾರು ನಲವತ್ತು ವಯಸ್ಸಿನ ಗೃಹಸ್ಥನೊಬ್ಬನು ಬಂದು ಕುಳಿತನು. ಶುಭ್ರವಾದ ಪಂಚೆ, ಜರಿಯಂಚಿನ ಶಲ್ಯ, ಮೃದುವಾದ ಮಾತು. ವೈರಮುಡಿಯ ಕಥೆಯನ್ನು ಹೇಳಬೇಕೆಂದು ಬಹು ವಿನಯದಿಂದ ಕೇಳಿಕೊಂಡನು. ಮುವ್ವತ್ತು ವರ್ಷ ಪಾಠ ಹೇಳಿದವನಿಗೆ ಇದಕ್ಕಿಂತ ಪ್ರಿಯವಾದ ಬಿನ್ನಹವಿದೆಯೆ? ಕ್ಷೀರಸಾಗರದಿಂದ ಪ್ರಾರಂಭಿಸಿದೆನು. ಅವನು ಇನ್ನೂ ಹತ್ತಿರಕ್ಕೆ ಸರಿದು, ತಲೆಬಾಗಿ, ಕಳ್ಳತನದ ಭಾಗವನ್ನು ವಿಶೇಷ ಶ್ರದ್ಧೆಯಿಂದ ಕೇಳಿದನು.

ಅರ್ಧರಾತ್ರಿಯ ಸುಮಾರಿಗೆ ವಾದ್ಯಘೋಷವು ಸಮೀಪಿಸಿತು. ಕಿರೀಟದ ವಜ್ರಗಳು ದೀವಟಿಗೆಯ ಬೆಳಕಿನಲ್ಲಿ ಒಮ್ಮೆಗೇ ಹೊಳೆದುವು. ಕೈಮುಗಿದು, ಅವಳು ನೋಡಲಿಲ್ಲವಲ್ಲ ಎಂದುಕೊಂಡು, ಅಭ್ಯಾಸದಂತೆ ಜುಬ್ಬದ ಜೇಬನ್ನು ಮುಟ್ಟಿದೆನು. ಅದು ಬರಿದಾಗಿತ್ತು.

“ಈ ಹುಡುಗರನ್ನು ನಂಬಲಾಗದು, ಮೇಷ್ಟ್ರೆ” ಎಂದು ಆ ಗೃಹಸ್ಥನು ನಿಟ್ಟುಸಿರು ಬಿಟ್ಟು, ಜನರ ನಡುವೆ ಮರೆಯಾದನು. ನಾನು ಪೊಲೀಸಿನವರ ಬಳಿಗೆ ಹೋದೆನು. ಯಾರ ಮೇಲಾದರೂ ಅನುಮಾನವಿದೆಯೆ ಎಂದು ಅಧಿಕಾರಿಯು ಕೇಳಿದನು. ಹರಿದ ಕೊರಳಿನ ಅಂಗಿಯ ಹುಡುಗನೆಂದು ಹೇಳಿಬಿಟ್ಟೆನು. ಅವನನ್ನು ಅಂಗಡಿಯಿಂದ ಕರೆತಂದರು. ಯಾರೂ ಹೊಡೆಯಲಿಲ್ಲ, ಬಯ್ಯಲಿಲ್ಲ. ಶೋಧಿಸಿ, ಬೆಳಗಿನ 6 ಗಂಟೆಯವರೆಗೆ ಒಂದು ಬೆಂಚಿನ ಮೇಲೆ ಕುಳ್ಳಿರಿಸಿದರು. ಏನೂ ದೊರೆಯದೆ ಕಳುಹಿಸಿದರು. ಹೊರಡುವಾಗ ಅವನು ನನ್ನ ಕಡೆಗೆ ಒಮ್ಮೆ ನೋಡಿದನು. ನಾನು ಕನ್ನಡಕವನ್ನು ಒರೆಸಿಕೊಳ್ಳುತ್ತಿರುವಂತೆ ನಟಿಸಿದೆನು.

ವಾಚಕರಲ್ಲಿ ಸಂಸ್ಕೃತವನ್ನು ಬಲ್ಲವರು ಈಗಾಗಲೇ ನಗುತ್ತಿರಬಹುದು. ಶಾಕುಂತಲ ನಾಟಕದ ಆರನೆಯ ಅಂಕದ ಮೊದಲಿನಲ್ಲಿ ರಾಜಭಟರು ಒಬ್ಬ ಬಡ ಬೆಸ್ತನನ್ನು ಹಿಡಿದೆಳೆದು ತರುತ್ತಾರೆ. ಮೀನಿನ ಹೊಟ್ಟೆಯಲ್ಲಿ ದೊರೆತ ಉಂಗುರವನ್ನು ಅವನು ಕದ್ದನೆಂಬುದು ಆರೋಪ. ಅವನ ಕುಲವೂ ಕಸುಬೂ ಸಾಕ್ಷಿ. ಈ ದೃಶ್ಯವನ್ನು ವರ್ಷವರ್ಷವೂ ನಾನು ಪಾಠಮಾಡಿ, ಭಟರ ಅವಿವೇಕವನ್ನು ಮಕ್ಕಳಿಗೆ ಬಿಡಿಸಿ ತೋರಿಸಿದವನು. ತರ್ಕಶಾಸ್ತ್ರದಲ್ಲಿ ಅನುಮಾನವೆಂದರೆ ನಿರ್ದುಷ್ಟವಾದ ಹೇತುವಿನಿಂದ ಪಡೆಯುವ ಜ್ಞಾನ. ನಮ್ಮ ಕನ್ನಡದ ಮಾತಿನಲ್ಲಿ ಅನುಮಾನವೆಂದರೆ ಬರಿಯ ಸಂಶಯ. ಆ ರಾತ್ರಿ ನಾನು ಎರಡನೆಯದನ್ನೇ ಮೊದಲನೆಯದೆಂದು ಭ್ರಮಿಸಿದೆನು. ಹುಡುಗನು ಹತ್ತಿರವಿದ್ದನು, ಫೋನು ಹೋಯಿತು. ಕಾಗೆ ಕುಳಿತಿತು, ತಾಳೆಯ ಹಣ್ಣು ಬಿದ್ದಿತು. ಹತ್ತಿರವಿದ್ದ ಇನ್ನೊಬ್ಬನನ್ನು ಶಲ್ಯದ ಜರಿಯು ಕಾಪಾಡಿತು.

ಬೆಂಗಳೂರಿನಲ್ಲಿರುವ ಮಗಳು ಮರುದಿನವೇ ಬಂದು ಕಾರ್ಯಕ್ಕೆ ತೊಡಗಿದಳು. ಗೃಹಸ್ಥರಿಗೆ ಉಪಯೋಗವಾದೀತೆಂದು ಅದರ ಕ್ರಮವನ್ನು ಬರೆಯುತ್ತೇನೆ. ಮೊದಲು ಬ್ಯಾಂಕಿಗೆ ತಿಳಿಸಿ ಹಣದ ವ್ಯವಹಾರವನ್ನು ನಿಲ್ಲಿಸಿದಳು. ಹಣವು ಹೋಗಿದ್ದರೆ 1930 ಎಂಬ ಸಂಖ್ಯೆಗೆ ಕೂಡಲೆ ಕರೆ ಮಾಡಬೇಕು. ಆಮೇಲೆ ಹಳೆಯ ಸಂಖ್ಯೆಗೇ ಹೊಸ ಸಿಮ್ಮನ್ನು ಪಡೆದಳು. ಪ್ರತಿಯೊಂದು ಮೊಬೈಲಿಗೂ ಐಎಂಇಐ ಎಂಬ 15 ಅಂಕೆಗಳ ಗುರುತು ಉಂಟು. ಮೊದಲ ಎಂಟು ಅಂಕೆಗಳು ಅದರ ಜಾತಿಯನ್ನೂ, ಮುಂದಿನ ಆರು ವ್ಯಕ್ತಿಯನ್ನೂ ತಿಳಿಸುತ್ತವೆ. ಕೊನೆಯದು ಲೆಕ್ಕವನ್ನು ಸರಿನೋಡುವ ಅಂಕೆ. ಎರಡು ಸಿಮ್ಮುಗಳ ಫೋನಿಗೆ ಇಂಥ ಗುರುತುಗಳೂ ಎರಡು. ದುಷ್ಯಂತನ ಉಂಗುರದಲ್ಲಿ ಕೆತ್ತಿದ್ದ ಹೆಸರಿನಂತೆ ಇದೇ ಅದರ ಅಭಿಜ್ಞಾನ. ಫೋನು ಕೈಯಲ್ಲಿರುವಾಗ ನಕ್ಷತ್ರ, ಹ್ಯಾಷ್, ಸೊನ್ನೆ, ಆರು, ಹ್ಯಾಷ್ ಎಂದು ಒತ್ತಿದರೆ ಅದು ಕಾಣುತ್ತದೆ. ಕೊಂಡಾಗ ಬಂದ ಪೆಟ್ಟಿಗೆಯ ಮೇಲೆಯೂ ಅಚ್ಚಾಗಿರುತ್ತದೆ. ಪುಣ್ಯಕ್ಕೆ ನನ್ನ ಸಹಧರ್ಮಿಣಿಯು ಆ ಪೆಟ್ಟಿಗೆಯಲ್ಲಿ ಗುಂಡಿಗಳನ್ನೂ ದಾರದ ಉಂಡೆಗಳನ್ನೂ ತುಂಬಿಟ್ಟಿದ್ದಳು, ಅದು ಉಳಿದಿತ್ತು.

ಕೇಂದ್ರ ಸರ್ಕಾರದ ಸಂಚಾರ ಸಾಥಿ ಎಂಬ ಜಾಲತಾಣದಲ್ಲಿ ಸಿಇಐಆರ್ ಎಂಬ ವ್ಯವಸ್ಥೆಯಿದೆ. 2023ನೆಯ ಇಸವಿಯ ಮೇ 17ರಿಂದ ಅದು ದೇಶಕ್ಕೆಲ್ಲ ದೊರೆತಿದೆ. ಪೊಲೀಸಿನವರಿಗೆ ಕೊಟ್ಟ ದೂರಿನ ಪ್ರತಿ, ಗುರುತಿನ ಚೀಟಿ ಇವುಗಳೊಡನೆ ಆ ಅಂಕೆಗಳನ್ನು ಒಪ್ಪಿಸಿದರೆ, ಕಳುವಾದ ಫೋನು ಯಾವ ಕಂಪೆನಿಯ ಸಿಮ್ಮಿನಿಂದಲೂ ಕೆಲಸಮಾಡದಂತೆ ತಡೆಯುತ್ತಾರೆ. ಯಾರಾದರೂ ಬೇರೆ ಸಿಮ್ಮನ್ನು ಹಾಕಿದೊಡನೆ ಆ ವರ್ತಮಾನವು ಪೊಲೀಸಿನವರಿಗೆ ಮುಟ್ಟುತ್ತದೆ.

ಇದೆಲ್ಲ ಮುಗಿದ ಮೇಲೆ ಮಗಳು ತನ್ನ ಗಣಕಯಂತ್ರದಲ್ಲಿ ಒಂದು ನಕ್ಷೆಯನ್ನು ತೋರಿಸಿದಳು. ಫೋನು ಆರಿಹೋಗುವುದಕ್ಕೆ ಮೊದಲು ತಾನಿದ್ದ ಸ್ಥಳವನ್ನು ಕೊನೆಯ ಸಲ ತಿಳಿಸಿತ್ತು: ಪಾಂಡವಪುರದ ರೈಲು ನಿಲ್ದಾಣದ ಬಳಿ, ಬೆಳಗಿನ ಜಾವ 4 ಗಂಟೆ 40 ನಿಮಿಷ. ಆ ಹೊತ್ತಿನಲ್ಲಿ ಹುಡುಗನು ಮೇಲುಕೋಟೆಯಲ್ಲಿ ನನ್ನೆದುರಿಗೇ ಬೆಂಚಿನ ಮೇಲೆ ಕುಳಿತಿದ್ದನು.

ಅಂದೇ ಹೋಗಿ ಹೇಳಬೇಕಾಗಿತ್ತು. ಪೊಲೀಸಿನವರಿಗೆ ತಿಳಿಸಿದೆನು, ಹುಡುಗನಿಗೆ ತಿಳಿಸಲಿಲ್ಲ. ಬಿಸಿಲು ಇಳಿಯಲಿ ಎಂದೆನು, ಆಮೇಲೆ ಮಳೆ ನಿಲ್ಲಲಿ ಎಂದೆನು. ಮುಂದೊಡ್ಡುವ ವಿದ್ಯೆಯಲ್ಲಿ ನಾನು ಪಾರಂಗತನೆಂಬುದನ್ನು ವಾಚಕರು ಬಲ್ಲರು.

ಸುಮಾರು ಎರಡೂವರೆ ತಿಂಗಳ ತರುವಾಯ ಕರೆ ಬಂದಿತು. ಬೇರೊಂದು ಜಿಲ್ಲೆಯಲ್ಲಿ ಗಾರೆಯ ಕೆಲಸದ ಕೂಲಿಯವನೊಬ್ಬನು ಆ ಫೋನಿಗೆ ತನ್ನ ಸಿಮ್ಮನ್ನು ಹಾಕಿದ್ದನು. ಮೂರು ಸಾವಿರ ರೂಪಾಯಿಗಳನ್ನು ಕೊಟ್ಟು ಕೊಂಡಿದ್ದ ಪಾಪದವನು ಅವನು. ತಾನೇ ಠಾಣೆಗೆ ತಂದೊಪ್ಪಿಸಿ, ಮಾರಿದವನನ್ನೂ ತೋರಿಸಿಕೊಟ್ಟನು. ಹಳೆಯ ಫೋನನ್ನು ಕೊಳ್ಳುವವರು ಕೆವೈಎಂ ಎಂದು ಇಂಗ್ಲಿಷಿನಲ್ಲಿ ಬರೆದು, ಆ 15 ಅಂಕೆಗಳನ್ನು ಸೇರಿಸಿ, 14422 ಎಂಬ ಸಂಖ್ಯೆಗೆ ಸಂದೇಶವನ್ನು ಕಳುಹಿಸಿ ವಿಚಾರಿಸಿಕೊಳ್ಳುವುದು ಒಳ್ಳೆಯದು; ಅವನಿಗೆ ಅದು ತಿಳಿದಿರಲಿಲ್ಲ. ಮಾರಿದವನ ಚಿತ್ರವನ್ನು ಅಧಿಕಾರಿಯು ನನಗೆ ತೋರಿಸಿದನು. ಶಲ್ಯವಿರಲಿಲ್ಲ, ಆದರೆ ನನ್ನ ಪುರಾಣವನ್ನು ತಲೆಬಾಗಿ ಕೇಳಿದ ಆ ಮುಖವನ್ನು ಗುರುತಿಸಲು ಕಷ್ಟವಾಗಲಿಲ್ಲ.

ತಡೆಯನ್ನು ತೆಗೆಸಿ ಫೋನನ್ನು ಹೊತ್ತಿಸಿದೆವು. ಒಳಗಿದ್ದುದೆಲ್ಲವನ್ನೂ ಅಳಿಸಿದ್ದರು. ಹನ್ನೊಂದು ಹಾಡುಗಳಲ್ಲಿ ಒಂದೂ ಇರಲಿಲ್ಲ. ಮಗಳು ಅಡುಗೆಯ ಮನೆಗೆ ಹೋಗಿ ಬಹಳ ಹೊತ್ತು ಅಲ್ಲಿಯೇ ಇದ್ದಳು. ಅವಳು ಎಚ್ಚರಿಸಿದ್ದುದನ್ನು ನೆನಪಿಗೆ ತರಲಿಲ್ಲ. ತಂದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೋ ಏನೋ.

ಮರುದಿನ ಬೆಳಗಿನ ಬಸ್ಸಿಗೇ ಮೇಲುಕೋಟೆಗೆ ಹೊರಟೆನು. ಉತ್ಸವದ ಗದ್ದಲವಿಲ್ಲದ ಊರು. ಕಲ್ಯಾಣಿಯ ಮೆಟ್ಟಿಲುಗಳ ಮೇಲೆ ಒಂದೆರಡು ಕೋತಿಗಳು ಮಾತ್ರ ಕುಳಿತಿದ್ದುವು. ಅಂಗಡಿಯಲ್ಲಿ ಹುಡುಗನಿರಲಿಲ್ಲ. ಠಾಣೆಗೆ ಹೋದವನನ್ನು ಇಟ್ಟುಕೊಂಡರೆ ಗಿರಾಕಿಗಳು ಏನೆಂದಾರೆಂದು ಯಜಮಾನನು ಉತ್ಸವದ ಮರುದಿನವೇ ಅವನನ್ನು ಬಿಡಿಸಿದ್ದನಂತೆ. ಎರಡೂವರೆ ತಿಂಗಳಿಂದ ಅವನು ಕಂಡವರ ಹೊಲದಲ್ಲಿ ಕೂಲಿಗೆ ಹೋಗುತ್ತಿದ್ದನು. ನನ್ನ ಬಾಯಿಂದ ಹೊರಟ ಒಂದು ಮಾತಿನ ಬೆಲೆ ಅಷ್ಟಾಗಿತ್ತು.

ಅಂಗಡಿಯ ಯಜಮಾನನನ್ನೂ ಕರೆದುಕೊಂಡು ಊರ ಹೊರಗಿದ್ದ ಅವನ ಮನೆಗೆ ಹೋದೆನು. ಅವನ ತಾಯಿಯ ಮುಂದೆ, ನೆರೆಹೊರೆಯ ನಾಲ್ಕು ಜನರು ಕೇಳುವಂತೆ, ಕದ್ದವನು ಬೇರೆಯವನೆಂದೂ, ತಪ್ಪಾಗಿ ಬೆರಳು ತೋರಿಸಿದವನು ನಾನೆಂದೂ ಹೇಳಿ ಕ್ಷಮೆಯನ್ನು ಬೇಡಿದೆನು. ತಾಯಿಯು ಸೆರಗನ್ನು ಬಾಯಿಗೆ ಹಿಡಿದುಕೊಂಡು ನಿಂತಿದ್ದಳು. ಯಜಮಾನನು ನಾಳೆಯಿಂದಲೇ ಕೆಲಸಕ್ಕೆ ಬಾರೆಂದನು. ಹುಡುಗನು ಯಾವ ಮಾತನ್ನೂ ಆಡದೆ ನೆಲವನ್ನು ನೋಡುತ್ತಿದ್ದು, ಕೊನೆಗೆ ತಲೆಯೆತ್ತಿ ಕೇಳಿದನು:

“ಮೇಷ್ಟ್ರೆ, ಅವತ್ತು ನನ್ನ ಒಂದು ಕೈಯಲ್ಲಿ ನಿಮ್ಮ ಚೀಲ ಇತ್ತು. ಇನ್ನೊಂದು ಕೈಯಲ್ಲಿ ನಿಮ್ಮ ಕೈ ಇತ್ತು. ನಾನು ಯಾವ ಕೈಲಿ ಕದೀಲಿ?”

ತರ್ಕವನ್ನು ಕಾಶಿಯಲ್ಲಿ ಓದಿ ಬಂದವರ ವಾದಗಳನ್ನು ಕೇಳಿದ್ದೇನೆ. ಇಷ್ಟು ನಿರ್ದುಷ್ಟವಾದುದನ್ನು ಕೇಳಿದ ನೆನಪಿಲ್ಲ. ಉತ್ತರವಿಲ್ಲದೆ ನಿಂತೆನು. ಅವನು ಕ್ಷಮಿಸಿದನೆಂದು ಹೇಳಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಆದರೆ ಬಸ್ಸಿನ ಹೊತ್ತಾದಾಗ, ತಾಯಿಯು ಸನ್ನೆಮಾಡಿದುದರಿಂದಲೋ ತನ್ನ ಮನಸ್ಸಿನಿಂದಲೋ, ನಿಲ್ದಾಣದವರೆಗೂ ಜೊತೆಯಲ್ಲಿ ಬಂದನು. ಚೀಲವನ್ನು ನಾನೇ ಹಿಡಿದುಕೊಂಡಿದ್ದೆನು. ಬಸ್ಸಿನ ಮೆಟ್ಟಿಲು ಎತ್ತರವಾಗಿತ್ತು. ಅವನು ಕೈ ನೀಡಿದನು.