ಕ್ಯಾಂಟೀನಿಗೆ ಹೋಗಿರ್ಬೇಕು ನೋಡಿ

ಚಿಕ್ಕಪೇಟೆಯ ಸೀರೆ ಅಂಗಡಿಗೆ ಹೋಗಿ, ‘ಒಂದು ಸೀರೆಗೆ ಎಷ್ಟು?’ ಅಂತ ಕೇಳಿ ನೋಡಿ. ಅವರು ನಗದೆ ಕೂರಿಸಿ, ‘ಯಾರಿಗಮ್ಮಾ? ಮದುವೆಗಾ, ಮನೇಲಿ ಉಡೋಕಾ? ಎಷ್ಟರೊಳಗೆ ತೋರಿಸ್ಲಿ?’ ಅಂತ ವಿಚಾರಿಸ್ತಾರೆ. ಕಳೆದ ವರ್ಷ ನಾನು ಮಾಡಿದ್ದೂ ಅಂಥದ್ದೇ ಕೆಲಸ. ಕೇಳಿದ್ದು ಮಾತ್ರ ಸೀರೆಯಲ್ಲ. ‘ಕಾರ್ಖಾನೆಯ ಒಳಗೆ ವಸ್ತುಗಳು, ಜನ ಎಲ್ಲಿದ್ದಾರೆ ಎಂದು ತೋರಿಸುವ ಉಪಕರಣ, ಒಂದು ಸೆಟ್. ದರ ತಿಳಿಸಿ’ ಎಂದು ನಾಲ್ಕು ಕಂಪನಿಗಳಿಗೆ ಒಂದೇ ಸಾಲಿನ ಮೇಲ್ ಹಾಕಿದ್ದೆ.

ಮೂರೇ ದಿನದಲ್ಲಿ ಉತ್ತರ ಬಂತು. ಒಬ್ಬರು 4 ಲಕ್ಷ ಅಂದರು, ಇನ್ನೊಬ್ಬರು 15 ಲಕ್ಷ, ಮೂರನೆಯವರು 42 ಲಕ್ಷ! ನಾಲ್ಕನೆಯವರು ದರವನ್ನೇ ಕೊಡದೆ 19 ಪ್ರಶ್ನೆ ಕಳಿಸಿದರು. ‘ಕೇಳಿದ್ದು ನಾನಾ, ಇವರಾ?’ ಅಂತ ಸಿಟ್ಟು ಬಂತು.

ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಪರ್ಚೇಸ್ ವಿಭಾಗದವಳು. 17 ವರ್ಷ ಆಯ್ತು. ಗೇರು, ಶಾಫ್ಟು ಕೊರೆದು, ಕುಲುಮೆಯಲ್ಲಿ ಹದ ಮಾಡಿ ಕಳಿಸುವ ಜಾಗ. ನಮ್ಮ ಕೆಲಸದಲ್ಲಿ ಹೆಚ್ಚಿನ ಸಾಮಾನಿಗೆ ಒಂದು ನಂಬರ್ ಇರುತ್ತೆ. ಬೇರಿಂಗ್ 6205 ಅಂತ ಬರೆದರೆ ಮುಗೀತು. ಒಳವ್ಯಾಸ 25 ಮಿಲಿಮೀಟರ್, ಹೊರವ್ಯಾಸ 52, ಅಗಲ 15. ಜಪಾನಿನವರು ಮಾಡಲಿ, ನಮ್ಮವರೇ ಮಾಡಲಿ, ಅಳತೆ ಅದೇ. ಹೀಗಾಗಿ ದರ ಕೇಳೋದು ಅಂದ್ರೆ ನಂಬರ್ ಬರೆದು ಕಳಿಸೋದು ಅಂತಲೇ ನನಗೆ ರೂಢಿಯಾಗಿಬಿಟ್ಟಿತ್ತು. ಈ ಸಲ ಬರೆಯೋಕೆ ನಂಬರೇ ಇರಲಿಲ್ಲ.

ಅಷ್ಟಕ್ಕೂ ಈ ಉಪಕರಣ ನಮಗೇಕೆ ಬೇಕಾಯ್ತು ಅಂತ ಹೇಳಬೇಕಲ್ಲ.

ಆಷಾಢದ ಒಂದು ಮಧ್ಯಾಹ್ನ. ಮೇಂಟೆನೆನ್ಸ್ ಸೂಪರ್‌ವೈಸರ್ ಫೋನ್ ಮಾಡಿ, ‘ಮೇಡಂ, ನಮ್ಮ ಎಲೆಕ್ಟ್ರಿಷಿಯನ್ ಆ ಕಡೆ ಬಂದ್ರಾ?’ ಅಂದರು. ನನ್ನ ಕಿಟಕಿಯಿಂದ ಕ್ಯಾಂಟೀನಿನ ದಾರಿ ಕಾಣುತ್ತೆ, ಅದಕ್ಕೇ ಎಲ್ಲರೂ ನನ್ನನ್ನೇ ಕೇಳೋದು. ನಾನು ಕಂಪ್ಯೂಟರಿನಿಂದ ತಲೆಯೆತ್ತಲಿಲ್ಲ. ‘ಕ್ಯಾಂಟೀನಿಗೆ ಹೋಗಿರ್ಬೇಕು ನೋಡಿ, ಇನ್ನೆಲ್ಲಿಗೆ ಹೋಗ್ತಾರೆ?’ ಅಂದೆ. ಅವರೂ ನಕ್ಕು ಫೋನ್ ಇಟ್ಟರು.

ಅವರು ಕ್ಯಾಂಟೀನಿನಲ್ಲಿರಲಿಲ್ಲ. ಕಂಪ್ರೆಸರ್ ಕೋಣೆಯಲ್ಲಿ ಪ್ಯಾನೆಲ್ ಹಿಂದೆ ಪ್ರಜ್ಞೆ ತಪ್ಪಿ ಬಿದ್ದಿದ್ದರು. ಸಕ್ಕರೆ ಕಾಯಿಲೆಯ ಮನುಷ್ಯ. ಬೆಳಿಗ್ಗೆ ಮಾತ್ರೆ ನುಂಗಿದ್ದಾರೆ, ಊಟದ ಹೊತ್ತಿಗೆ ಪ್ಯಾನೆಲ್ ಕೆಟ್ಟಿತು ಅಂತ ಕರೆದಿದ್ದಾರೆ, ಊಟ ಬಿಟ್ಟು ಓಡಿದ್ದಾರೆ. ಜೇಬಿನಲ್ಲಿದ್ದ ಮೊಬೈಲು ಬಡಿದುಕೊಂಡರೂ ಆ ಕಂಪ್ರೆಸರ್ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಸುಮಾರು 40 ನಿಮಿಷ ಕಳೆದ ಮೇಲೆ ಟ್ಯಾಂಕಿನ ನೀರು ಬಿಡೋಕೆ ಹೋದ ಹುಡುಗನೊಬ್ಬ ನೋಡಿ ಕೂಗಿಕೊಂಡ. ದೇವರು ದೊಡ್ಡವನು, ಎರಡು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ನಾನು ಫೋನಿನಲ್ಲಿ ಏನಂದೆ ಅಂತ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಆಮೇಲೆ ಮೀಟಿಂಗು. ಜನ ಎಲ್ಲಿದ್ದಾರೆ ಅಂತ ಗೊತ್ತಾಗಬೇಕು, ಜೊತೆಗೆ ದಿನಾ ಹುಡುಕಾಡುವ ಫಿಕ್ಸ್ಚರು, ಟ್ರೇಗಳೂ ಸಿಗಬೇಕು, ಏನಾದರೂ ತನ್ನಿ ಅಂತ ನಿರ್ಧಾರ ಆಯ್ತು. ‘ಏನಾದರೂ’ ಅನ್ನೋದಕ್ಕೆ ದರ ತರಿಸುವ ಕೆಲಸ ನನ್ನ ಮೇಜಿಗೆ ಬಂತು.

ಸಿಟ್ಟು ಇಳಿದ ಮೇಲೆ ಆ 19 ಪ್ರಶ್ನೆಗಳನ್ನು ಪ್ರಿಂಟ್ ತೆಗೆದುಕೊಂಡೆ. ಶೆಡ್ಡಿನ ಉದ್ದಗಲ ಎಷ್ಟು? ಸೂರಿನ ಎತ್ತರ? ಕ್ರೇನ್ ಓಡುತ್ತದೆಯೇ? ಎಷ್ಟು ಹತ್ತಿರಕ್ಕೆ ಗೊತ್ತಾಗಬೇಕು, ಯಾವ ಕೋಣೆ ಅಂತ ತಿಳಿದರೆ ಸಾಕೇ, ಅಥವಾ ಮೊಳದ ಲೆಕ್ಕದಲ್ಲೇ? ಎಷ್ಟು ಸಲ ಗೊತ್ತಾಗಬೇಕು, ಸೆಕೆಂಡಿಗೊಮ್ಮೆಯೋ ಗಂಟೆಗೊಮ್ಮೆಯೋ? ಒಂದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. 17 ವರ್ಷದಿಂದ ಆ ಶೆಡ್ಡಿಗೆ ಸಾಮಾನು ತರಿಸಿದ್ದೇನೆ, ಅದರ ಉದ್ದ ಗೊತ್ತಿಲ್ಲ.

ಸ್ಟೋರಿನ ಅಣ್ಣನನ್ನು ಕರೆದುಕೊಂಡು ಟೇಪು ಹಿಡಿದು ಹೊರಟೆ. ಅವರಿಗೆ ರಿಟೈರ್ ಆಗೋಕೆ ಒಂದು ವರ್ಷ ಇದೆ. ಯಾವ ಫಿಕ್ಸ್ಚರ್ ಎಲ್ಲಿದೆ ಅಂತ ಕಣ್ಣು ಮುಚ್ಚಿ ಹೇಳುವ ಮನುಷ್ಯ. ಅವರು ರಜಾ ಹಾಕಿದ ದಿನ ಮಾತ್ರ ನಾವೆಲ್ಲ ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕುವವರೇ. ಶೆಡ್ಡು 120 ಮೀಟರ್ ಉದ್ದ, 45 ಅಗಲ, 9 ಎತ್ತರ. ಅಳೆಯುತ್ತಾ ಹೋದಾಗ ಅಣ್ಣ ಒಂದು ಮಾತು ಕೇಳಿದರು: ‘ಮೇಡಂ, ಟ್ರೇಗೆ ಬಿಲ್ಲೆ ಅಂಟಿಸ್ತೀರಿ, ಸರಿ. ಅದೇ ಟ್ರೇ 900 ಡಿಗ್ರಿ ಕುಲುಮೆಗೆ ಹೋಗುತ್ತಲ್ಲ, ಆವಾಗ ನಿಮ್ಮ ಬಿಲ್ಲೆ ಗತಿ?’

ಆ ಪ್ರಶ್ನೆ ಹತ್ತೊಂಬತ್ತರಲ್ಲಿ ಇರಲಿಲ್ಲ. ಇಪ್ಪತ್ತನೆಯದಾಗಿ ಬರೆದುಕೊಂಡೆ. ಬಿಲ್ಲೆಯನ್ನು ಕೊಕ್ಕೆಯಿಂದ ಕಳಚಿ, ಮತ್ತೆ ಸಿಕ್ಕಿಸುವಂತಿರಬೇಕು. ಕುಲುಮೆಯ ಪಕ್ಕದಲ್ಲೇ ಎಣ್ಣೆಯ ತೊಟ್ಟಿ. ಐಪಿ 67 ಅಂತ ಕಂಪನಿಯವರು ಹೆಮ್ಮೆಯಿಂದ ಹೇಳ್ತಾರೆ. ಅದರರ್ಥ ಧೂಳು ಒಳಗೆ ಹೋಗೋದಿಲ್ಲ, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಕೆಡೋದಿಲ್ಲ ಅಂತ. ನೀರಿನಲ್ಲಿ, ಎಣ್ಣೆಯಲ್ಲಿ ಅಲ್ಲ. ಎಣ್ಣೆಗೂ ತಡೆಯುತ್ತದೆಯೇ ಅಂತ ಪ್ರತ್ಯೇಕವಾಗಿ ಬರೆದು ಕೇಳಬೇಕು.

ಮಗಳನ್ನು ಕೇಳಿದೆ, ‘ಫೋನಲ್ಲಿ ಮ್ಯಾಪ್ ತೋರಿಸುತ್ತಲ್ಲ, ಅದನ್ನೇ ಇಟ್ಕೊಳ್ಳೋಕೆ ಆಗಲ್ವೇನೇ?’ ಜಿಪಿಎಸ್ ಉಪಗ್ರಹಗಳು ಸುಮಾರು 20,000 ಕಿಲೋಮೀಟರ್ ಮೇಲಿವೆ, ಅಲ್ಲಿಂದ ಬರುವ ಸದ್ದು ಪಿಸುಮಾತಿಗಿಂತ ಸಣ್ಣದು, ತಗಡಿನ ಸೂರು ದಾಟೋದಿಲ್ಲ ಅಂದಳು. ಅದಕ್ಕೇ ಶೆಡ್ಡಿನೊಳಗೆ ನಮ್ಮದೇ ಸಣ್ಣ ಸಣ್ಣ ‘ಉಪಗ್ರಹ’ ನೇತು ಹಾಕಬೇಕು. ಅವಕ್ಕೆ ಆಂಕರ್ ಅಂತಾರೆ.

4 ಲಕ್ಷಕ್ಕೂ 42 ಲಕ್ಷಕ್ಕೂ ಇರುವ ಅಂತರದ ಗುಟ್ಟು ಅಲ್ಲೇ ಇತ್ತು. ಅಗ್ಗದ್ದು ಬ್ಲೂಟೂತ್. ಬಿಲ್ಲೆಯ ದನಿ ಎಷ್ಟು ಜೋರಾಗಿ ಕೇಳುತ್ತೆ ಅನ್ನೋದರ ಮೇಲೆ ಎಷ್ಟು ದೂರ ಇದೆ ಅಂತ ಊಹೆ ಮಾಡುತ್ತೆ. ಕೆಲವು ಮೀಟರ್ ಆಚೀಚೆ. ದುಬಾರಿಯದು ಅಲ್ಟ್ರಾ ವೈಡ್‌ಬ್ಯಾಂಡ್. ಅದು ಜೋರು ನೋಡೋದಿಲ್ಲ, ಅಲೆ ತಲುಪೋಕೆ ತೆಗೆದುಕೊಂಡ ಸಮಯ ಅಳೆಯುತ್ತೆ. ಒಂದು ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲಿನಲ್ಲಿ ಬೆಳಕು ಓಡೋದು 30 ಸೆಂಟಿಮೀಟರ್, ಅಂದರೆ ಒಂದು ಅಡಿ. ಅಷ್ಟು ಸೂಕ್ಷ್ಮ ಗಡಿಯಾರ ಇದ್ದರೆ ಒಂದಡಿಯ ಒಳಗೇ ಜಾಗ ಹೇಳಬಹುದು. ಕೇಳಿ ನನಗೆ ಒಂದು ಕ್ಷಣ ಮೈ ಜುಮ್ಮೆಂದಿತು, ಆಮೇಲೆ ಬಜೆಟ್ ನೆನಪಾಯಿತು.

ಅಗ್ಗದವರು ಡೆಮೊ ಕೊಡೋಕೆ ಬಂದರು. ಅವರ ಪುಸ್ತಿಕೆಯಲ್ಲಿರೋದು ಕನ್ನಡಿಯಂಥ ನೆಲದ ಖಾಲಿ ಗೋದಾಮು. ನಮ್ಮಲ್ಲಿ ಎಲ್ಲಿ ನೋಡಿದರೂ ಕಬ್ಬಿಣ. ದೇವಸ್ಥಾನದ ಪ್ರಾಕಾರದಲ್ಲಿ ಕೂಗಿದರೆ ದನಿ ಹತ್ತು ಕಡೆಯಿಂದ ಬರುತ್ತಲ್ಲ, ಹಾಗೇ ರೇಡಿಯೊ ಅಲೆಯೂ ಕಬ್ಬಿಣಕ್ಕೆ ಬಡಿದು ವಾಪಸ್ ಬರುತ್ತೆ. ಅಣ್ಣ ಬಿಲ್ಲೆ ಜೇಬಿಗಿಟ್ಟುಕೊಂಡು ಕುಲುಮೆ ಹತ್ತಿರ ನಿಂತರು. ಪರದೆಯಲ್ಲಿ ಅವರು ಪಕ್ಕದ ಕಾರ್ಖಾನೆಯಲ್ಲಿದ್ದರು! ಮೇಲೆ ಕ್ರೇನ್ ಹಾದುಹೋಯ್ತು, ಚುಕ್ಕೆ ಜಿಗಿದು ನಮ್ಮ ಪೇಂಟ್ ಕೋಣೆಗೆ ಬಂತು. ‘ನೋಡಿ ಮೇಡಂ, ಈ ವಯಸ್ಸಲ್ಲಿ ಗೋಡೆ ಹಾರಿದ್ದೀನಂತೆ’ ಅಂತ ಅಣ್ಣ ನಕ್ಕಿದ್ದೇ ನಕ್ಕಿದ್ದು. ಡೆಮೊ ನಮ್ಮ ಶೆಡ್ಡಿನಲ್ಲೇ, ಕೆಲಸದ ದಿನವೇ, ಕ್ರೇನ್ ಓಡುತ್ತಿರುವಾಗಲೇ ಕೊಡಬೇಕು ಅಂತ ಬರೆದುಕೊಂಡೆ.

ಹೀಗೆ ಒಂದು ಸಾಲಿನ ಮೇಲ್ ಏಳು ಪುಟ ಆಯಿತು. ಆಂಕರ್ ಎಷ್ಟು, ಅದನ್ನು ಏರಿಸಿ ಕಟ್ಟುವ ಕೂಲಿ ಯಾರದು, ಕೇಬಲ್ ಯಾರದು (ನೆಟ್‌ವರ್ಕ್ ಕೇಬಲ್ 100 ಮೀಟರ್ ದಾಟಿದರೆ ನಡುವೆ ಸ್ವಿಚ್ ಬೇಕು, ನಮ್ಮ ಶೆಡ್ಡು 120), ಬ್ಯಾಟರಿ ಎಷ್ಟು ತಿಂಗಳು, ವರ್ಷ ವರ್ಷ ಕಟ್ಟುವ ಲೈಸೆನ್ಸ್ ಇದೆಯೇ. ಆ 4 ಲಕ್ಷದವರ ಪುಟದ ಕೊನೆಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ‘ಬಿಲ್ಲೆಗೆ ತಿಂಗಳಿಗೆ ಇಷ್ಟು’ ಅಂತ ಇತ್ತು. ನಿಸ್ತಂತು ಉಪಕರಣಕ್ಕೆ ದೂರಸಂಪರ್ಕ ಇಲಾಖೆಯ ಡಬ್ಲ್ಯೂಪಿಸಿ ಅನುಮೋದನೆ ಬೇಕು, ಅದರ ಪ್ರತಿ ಲಗತ್ತಿಸಿ. ಪೇಂಟ್ ಕೋಣೆಯಲ್ಲಿ ಥಿನ್ನರ್ ಹಬೆ ಇರುತ್ತೆ, ಕಿಡಿ ಹಾರದ ಬಿಲ್ಲೆಯೇ ಬೇಕು.

ಎಲ್ಲ ಮುಗೀತು ಅಂದುಕೊಂಡಾಗ ಆಫೀಸಿನಿಂದ ಒಂದು ಸಾಲು ಸೇರಿಸೋಕೆ ಹೇಳಿದರು: ‘ಪ್ರತಿ ಕಾರ್ಮಿಕ ತನ್ನ ಜಾಗದಿಂದ ಹೊರಗೆ ಕಳೆದ ಸಮಯದ ದಿನವಾರು ವರದಿ.’ ಉಪಕರಣ ಅದೇ, ಹೆಚ್ಚಿನ ಖರ್ಚಿಲ್ಲ. 23ನೇ ಸಾಲಾಗಿ ಟೈಪ್ ಮಾಡಿದೆ. ನಿಜ ಹೇಳಬೇಕೆಂದರೆ ಆಗ ನನಗೇನೂ ಅನಿಸಲಿಲ್ಲ.

ಸಂಜೆ ಯುಪಿಎಸ್ ನೋಡೋಕೆ ಎಲೆಕ್ಟ್ರಿಷಿಯನ್ ಬಂದರು. ಪರದೆ ಕಡೆ ಕಣ್ಣು ಹೋಯ್ತು. ಓದಿದರು.

‘ಬಿಲ್ಲೆ ಹಾಕ್ಕೋತೀನಿ ಮೇಡಂ. ನನಗೋಸ್ಕರಾನೇ ತರ್ತಿದ್ದೀರಿ ಅಂತ ಎಲ್ಲರೂ ಅಂತಾರೆ. ಆದ್ರೆ ಶುಗರ್ ಇರೋನು ನಾನು, ದಿನಕ್ಕೆ ಎಂಟು ಹತ್ತು ಸಲ ಬಾತ್‌ರೂಮಿಗೆ ಹೋಗ್ತೀನಿ. ಅದನ್ನ ಲೆಕ್ಕ ಹಾಕಿ ಕೈಗೆ ಕೊಟ್ಟರೆ...’ ಮಾತು ಮುಗಿಸದೆ ಸ್ಕ್ರೂಡ್ರೈವರ್ ಜೇಬಿಗೆ ಹಾಕಿಕೊಂಡರು.

ಆ ರಾತ್ರಿ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ. ಅವರು ಕಾಣದೆ ಹೋದ ದಿನ ‘ಕ್ಯಾಂಟೀನಿಗೆ ಹೋಗಿರ್ಬೇಕು’ ಅಂದವಳು ನಾನು. ಈಗ ನಾನು ತರಿಸ್ತಿರೋ ಯಂತ್ರವೂ ಅವರ ಬಗ್ಗೆ ಅದನ್ನೇ ಹೇಳುತ್ತೆ, ನಿಮಿಷದ ಲೆಕ್ಕದ ಸಮೇತ.

ಮಾರನೇ ದಿನ ಪ್ಲಾಂಟ್ ಹೆಡ್ ಹತ್ತಿರ ಹೋದೆ. ಮೊದಲು ಆ ಫೋನಿನ ಮಾತು ಹೇಳಿಬಿಟ್ಟೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅದು ಬಿಡಿ, ಯಾರೇ ಆಗಿದ್ರೂ ಹಾಗೇ ಹೇಳ್ತಿದ್ರು’ ಅಂದರು. ಆದರೆ ಸಾಲು ತೆಗೆಯೋಕೆ ಒಪ್ಪಲಿಲ್ಲ. ‘ಇಷ್ಟು ದುಡ್ಡು ಹಾಕಿಸ್ತೀವಿ, ಉಳಿತಾಯ ಎಲ್ಲಿಂದ ತೋರಿಸ್ಲಿ?’ ಅವರ ಮಾತೂ ಸುಳ್ಳಲ್ಲ.

ಅಣ್ಣನ ನೋಟ್‌ಬುಕ್ ಕೈಹಿಡಿಯಿತು. ಆರು ದಿನ ಯಾರು ಯಾವ ಫಿಕ್ಸ್ಚರ್ ಹುಡುಕುತ್ತಾ ಬಂದರು, ಎಷ್ಟು ಹೊತ್ತಿಗೆ ಸಿಕ್ಕಿತು ಅಂತ ಬರೆದಿಡೋಕೆ ಹೇಳಿದೆ. ಹನ್ನೊಂದೂವರೆ ಗಂಟೆ! ಅದೂ ಎಲ್ಲಿದೆ ಅಂತ ಗೊತ್ತಿರುವ ಮನುಷ್ಯ ರಜಾ ಹಾಕದ ವಾರದಲ್ಲಿ. ಉಳಿತಾಯ ಕಬ್ಬಿಣದಿಂದ ಬರಲಿ, ಜನರಿಂದ ಬೇಡ ಅಂದೆ. ಜೊತೆಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರತಿ ಇಟ್ಟೆ. ಉದ್ದೇಶ ಮುಗಿದ ಮೇಲೆ ಜನರ ಮಾಹಿತಿ ಅಳಿಸಬೇಕು ಅನ್ನೋ ಕಡೆ ಪೆನ್ಸಿಲ್ ಗೆರೆ ಎಳೆದಿದ್ದೆ. ಅವರು ಓದಿದರು. ‘ಬಾತ್‌ರೂಮಲ್ಲೇ ಬಿದ್ರೆ?’ ಅಂತ ಒಂದೇ ಮಾತು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರ ಕೊಟ್ಟದ್ದು ಆ 19 ಪ್ರಶ್ನೆಯವರು. ಬಿಲ್ಲೆಯೊಳಗೆ ಅಲುಗಾಟ ಗುರುತಿಸುವ ಸೆನ್ಸರ್ ಇರುತ್ತಂತೆ. ಮನುಷ್ಯ ಇಷ್ಟು ಹೊತ್ತು ಅಲ್ಲಾಡದಿದ್ದರೆ ಬಿಲ್ಲೆ ಮೊದಲು ಗುಂಯ್ ಅಂತ ನಡುಗುತ್ತೆ, ಅವರು ಗುಂಡಿ ಒತ್ತದಿದ್ದರೆ ಮಾತ್ರ ಎಚ್ಚರಿಕೆ ಹೋಗುತ್ತೆ. ಆಗ ಮಾತ್ರ ಜಾಗ ಕಾಣುವಂತೆ ಮಾಡಬಹುದು. ಎಷ್ಟು ಹೊತ್ತು ಅಂತ ಎಲೆಕ್ಟ್ರಿಷಿಯನ್ನನ್ನೇ ಕೇಳಿದೆ. ‘ಪ್ಯಾನೆಲ್ ಮುಂದೆ ನಾನು ಅಲ್ಲಾಡದೆ ನಿಂತಿರ್ತೀನಿ ಮೇಡಂ, ಒಂದು ನಿಮಿಷ ಇಟ್ಟರೆ ಬರೀ ಗುಂಡಿ ಒತ್ತೋದೇ ಕೆಲಸ ಆಗುತ್ತೆ. ಮೂರು ಇಡಿ’ ಅಂದರು. ಮೂರು ಇಟ್ಟೆ.

ಈಗ 23ನೇ ಸಾಲು ಹೀಗಿದೆ: ‘ವ್ಯಕ್ತಿಗಳ ಜಾಗ ಎಚ್ಚರಿಕೆ ಬಂದಾಗ ಮಾತ್ರ ಪರದೆಯಲ್ಲಿ ಕಾಣಬೇಕು. ವ್ಯಕ್ತಿಗಳ ಓಡಾಟದ ದಾಖಲೆ 24 ಗಂಟೆಯಲ್ಲಿ ತಾನಾಗಿ ಅಳಿಯಬೇಕು. ಇದನ್ನು ನಮ್ಮ ಎದುರಿಗೇ ಮಾಡಿ ತೋರಿಸಬೇಕು.’ ಮಾಲೀಕರ ಸಹಿ ಬೀಳೋಕೆ ಮೂರು ವಾರ ಹಿಡಿಯಿತು, ಅದರ ಕಥೆ ಬೇಡ. ಕಳೆದ ಸೋಮವಾರ ಅದೇ ನಾಲ್ಕು ಕಂಪನಿಗಳಿಗೆ ಕಳಿಸಿದೆ.

ಮೂರು ಕೊಟೇಶನ್ ಬಂದಿವೆ. ಈ ಸಲ 18, 21, 26 ಲಕ್ಷ, ಪಕ್ಕಪಕ್ಕ ಇಟ್ಟು ಹೋಲಿಸುವ ಹಾಗಿವೆ. 18 ಲಕ್ಷದವರು ಎಲ್ಲ ತುಂಬಿ 23ನೇ ಸಾಲಿನ ಮುಂದೆ ಬರೀ ಒಂದು ಗೆರೆ ಎಳೆದಿದ್ದಾರೆ. ಫೋನ್ ಮಾಡಿದೆ. ‘ಅದು ಚಿಕ್ಕ ವಿಷಯ ಮೇಡಂ, ಆರ್ಡರ್ ಆದ್ಮೇಲೆ ನೋಡ್ಕೊಳ್ಳೋಣ’ ಅಂದರು. ಗುರುವಾರದೊಳಗೆ ಬರೆದು ಕಳಿಸಿ, ಇಲ್ಲದಿದ್ದರೆ ನಿಮ್ಮ ಲಕೋಟೆ ಪಕ್ಕಕ್ಕಿಡ್ತೀನಿ ಅಂದಿದ್ದೇನೆ. ಇವತ್ತು ಬುಧವಾರ.