ಇಳಿದರೆ ಆರುವ ದೀಪ

ಅಪ್ಪನ ಹಳೇ ಸೈಕಲ್ಲು ಗೋಡೆಗೊರಗಿ ಮೂರು ವರ್ಷವಾಗಿತ್ತು. ಡಿಗ್ರಿ ಮುಗಿಸಿ ಕೆಲಸವಿಲ್ಲದೆ ಊರಿಗೆ ಬಂದ ನಾನು ಅದಕ್ಕೆ ಡೈನಮೊ ಹಾಕಲು ಕೂತೆ. ಪಕ್ಕದ ಹಳ್ಳಿ ಹುಡುಗರಿಗೆ ಪಾಠ ಹೇಳಿ ಬರುವಷ್ಟರಲ್ಲಿ ಕತ್ತಲಾಗುತ್ತಿತ್ತು.

ಗುಜರಿಯಲ್ಲಿ ಸಿಕ್ಕ ಡೈನಮೊ. ಆರು ವೋಲ್ಟು, ಮೂರು ವ್ಯಾಟು. 2.4 ವ್ಯಾಟು ಮುಂದಿನ ದೀಪಕ್ಕೆ, 0.6 ಹಿಂದಿನ ಕೆಂಪು ದೀಪಕ್ಕೆ. ಟೈರಿಗೆ ಉಜ್ಜಿಕೊಂಡು ಒಳಗಿನ ಅಯಸ್ಕಾಂತ ತಿರುಗಿದರೆ ಸುತ್ತಲ ತಂತಿ ಸುರುಳಿಯಲ್ಲಿ ಕರೆಂಟು ಹುಟ್ಟುತ್ತದೆ. ದೀಪಕ್ಕೆ ಎಳೆಯೋದು ಒಂದೇ ವೈರು. ವಾಪಸ್ಸು ಬರೋ ದಾರಿ ಸೈಕಲ್ಲಿನ ಕಬ್ಬಿಣವೇ. ಎಲ್ಲ ಬಿಗಿದು ತುಳಿದೆ. ಉರಿಯಲಿಲ್ಲ. ಬಣ್ಣ ಅಡ್ಡ ನಿಂತಿತ್ತು. ತೆಳ್ಳನೆ ಬಣ್ಣದ ಪದರ ಸಾಕು, ಕರೆಂಟು ಕಬ್ಬಿಣವನ್ನು ಮುಟ್ಟುವುದಿಲ್ಲ. ಬ್ಲೇಡಿನಿಂದ ಕೆರೆದು, ಕಬ್ಬಿಣ ಕಂಡ ಮೇಲೆ ಸ್ಕ್ರೂ ಬಿಗಿದೆ. ಉರೀತು.

ಜಗಲಿ ಮೇಲಿದ್ದ ಅಪ್ಪನನ್ನು ಕೇಳಿದೆ: "ನೀನ್ಯಾಕೆ ಹಾಕಿಸ್ಕಂಡಿರ್ಲಿಲ್ಲ?"

"ಹಾಕುಸ್ಕಂಡು ಏನ್ ಮಾಡನ ಮಗಾ? ದೊಡ್ಡಬೀದಿ ಬಂದ್ರೆ ಇಳ್ದು ತಳ್ಕಂಡು ಹೋಗ್ಬೇಕಾಗಿತ್ತು. ಇಳುದ್ರೆ ದೀಪ ಆರೋಯ್ತದಲ್ಲ."

ನನ್ನ ಕೈಯಲ್ಲಿದ್ದ ಸ್ಪ್ಯಾನರು ಹಾಗೇ ನಿಂತಿತು.

ಗೆಳೆಯರೇ, ಶಿವನಸಮುದ್ರ ನಮ್ಮೂರಿಗೆ ದೂರವಲ್ಲ. 1902ರಲ್ಲಿ ಅಲ್ಲಿನ ಕರೆಂಟು ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಯಲ್ಲಿ ಬೆಳಗಿತು. ನಮ್ಮ ಕೇರಿಗೆ ಬರಲು ಅಪ್ಪನ ಮದುವೆಯಾಗಬೇಕಾಯಿತು. ಅಸ್ಪೃಶ್ಯತೆ ಆಚರಿಸುವುದು ಅಪರಾಧವೆಂದು 1955ರಲ್ಲೇ ಕಾಯ್ದೆ ಬಂತು. ಅದಾಗಿ ಎಷ್ಟೋ ವರ್ಷಕ್ಕೆ ಸೈಕಲ್ಲು ಕೊಂಡ ಅಪ್ಪ, ಆ ಬೀದಿಯಲ್ಲಿ ಇಳಿದೇ ನಡೆದ. ಈಗ ಬಾಯಿಬಿಟ್ಟು ಇಳಿ ಅನ್ನೋರಿಲ್ಲ. ಕಣ್ಣಲ್ಲಿ ಅನ್ನೋರಿದ್ದಾರೆ. ಕಾಲು ಊನವಾಗಿ ಸೈಕಲ್ಲು ಬಿಡೋವರೆಗೂ ಅಪ್ಪ ಇಳಿಯುತ್ತಲೇ ಇದ್ದ.

ಆ ರಾತ್ರಿ ಕರೆಂಟು ಹೋಗಿತ್ತು. ದೊಡ್ಡಬೀದಿಗೆ ತಿರುಗಿದೆ. ಕತ್ತಲಲ್ಲಿ ಡೈನಮೊ ಸದ್ದು ಊರಿಗೆಲ್ಲ ಕೇಳುವ ಹಾಗಿತ್ತು. "ಯಾರ್ಲಾ ಅದು?" ಅಂತ ಜಗಲಿಯಿಂದೊಂದು ದನಿ. ಓದಿದ್ದೆಲ್ಲ ಮರೆತುಹೋಗಿ ಕಾಲು ನಡುಗಿತು. ತುಳಿಯೋದು ನಿಧಾನವಾಯಿತು, ದೀಪವೂ ಮಂಕಾಯಿತು. ನಿಲ್ಲಿಸಿದರೆ ಪೂರಾ ಕತ್ತಲು. ಅಪ್ಪನ ಹೆಸರು ಹೇಳಿ, "ಅವನ ಮಗ" ಅಂದು ಜೋರಾಗಿ ತುಳಿದೆ. ಹಿಂದಿನಿಂದ ಏನೋ ಬೈದರು. ಇಳಿಯಲಿಲ್ಲ.

ಇದನ್ನು ಕ್ರಾಂತಿ ಅನ್ನುತ್ತಿಲ್ಲ. ಒಂದು ಬೀದಿ, ಮೂರು ವ್ಯಾಟು ಬೆಳಕು, ಅಷ್ಟೆ.

ಮಾರನೇ ಸಂಜೆ ಅಪ್ಪ ಸೈಕಲ್ಲಿನ ಸುತ್ತ ಓಡಾಡಿದ. "ಹಿಂದ್ಲು ದೀಪಾನೂವೆ ಉರೀತದಾ?" ಅಂದ.

"ಉರೀತದೆ."

ಟವಲ್ಲಿನಿಂದ ಕ್ಯಾರಿಯರ್ ಒರೆಸಿ ಕೂತುಕೊಂಡ. "ನಡಿ ಮತ್ತೆ, ದೊಡ್ಡಬೀದಿ ಮೇಲೇ ಹೋಗದ" ಅಂದ.